ಮೂವತ್ತೇ ವರ್ಷಕ್ಕೆ ಕ್ರೀಡಾಂಗಣ ಮುದಿಯಾಗುತ್ತದೆಯೇ?

ಪ್ರಶ್ನೆ: ನಾನು ಮೂಲತಃ ಶಿವಮೊಗ್ಗ ಜಿಲ್ಲೆಯವನು. ಹತ್ತೊಂಬತ್ತು ವರ್ಷಗಳಿಂದ ಅಮೆರಿಕದ ಉತ್ತರ ಭಾಗದ, ಚಳಿ ಹೆಚ್ಚಿರುವ ಒಂದು ನಗರದಲ್ಲಿದ್ದೇನೆ. ಈಗ ಇಲ್ಲಿಯ ಮತದಾರನೂ ಹೌದು. ನಮ್ಮ ಊರಿನ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್) ತಂಡದ ಕ್ರೀಡಾಂಗಣವನ್ನು ಕಟ್ಟಿ ಮೂವತ್ತು ವರ್ಷವೂ ತುಂಬಿಲ್ಲ. ಅಷ್ಟರಲ್ಲೇ ಅದರ ಆಯುಷ್ಯ ಮುಗಿಯಿತು, ಕೆಡವಿ ಹೊಸದು ಕಟ್ಟಬೇಕು, ಅದಕ್ಕಾಗಿ ಮಾರಾಟ ತೆರಿಗೆಯನ್ನು ಡಾಲರಿಗೆ ಅರ್ಧ ಸೆಂಟ್ ಏರಿಸಬೇಕು ಎಂಬ ಪ್ರಸ್ತಾವ ಮತಕ್ಕೆ ಬರಲಿದೆ. ಒಪ್ಪದಿದ್ದರೆ ತಂಡ ಊರು ಬಿಟ್ಟು ಹೋಗುತ್ತದೆ ಎಂದು ಕೆಲವರು, ಮಾಲೀಕರು ಕೋಟ್ಯಧಿಪತಿಗಳು, ಅವರೇ ಕಟ್ಟಿಕೊಳ್ಳಲಿ ಎಂದು ಕೆಲವರು ಹೇಳುತ್ತಾರೆ. ಗ್ರೀನ್ ಬೇ ಊರಿನ ಕ್ರೀಡಾಂಗಣ 1957ರದ್ದು, ಅದು ಹೇಗೆ ನಿಂತಿದೆ ಎಂದು ನೆರೆಯವರು ಕೇಳುತ್ತಾರೆ. ನನ್ನ ಹದಿನಾಲ್ಕು ವರ್ಷದ ಮಗನಿಗೆ ಈ ತಂಡವೇ ಪ್ರಾಣ. ಕಾಂಕ್ರೀಟು ನಿಜವಾಗಿ ಇಷ್ಟು ಬೇಗ ಹಾಳಾಗುತ್ತದೆಯೇ? ಹೊಸ ಕ್ರೀಡಾಂಗಣದಿಂದ ಊರಿಗೆ ಲಾಭವಿದೆಯೇ? ನಾನು ಏನನ್ನು ನೋಡಿ ಮತ ಹಾಕಬೇಕು? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕಟ್ಟಡ ಅಪಾಯದಲ್ಲಿದೆಯೇ ಎಂಬುದು ಮೊದಲನೆಯದು, ತೆರಿಗೆಯ ಹಣ ನೀರಿನಲ್ಲಿ ಹೋಮವಾಗುತ್ತದೆಯೇ ಎಂಬುದು ಎರಡನೆಯದು, ಮಗನ ತಂಡ ಕೈತಪ್ಪುತ್ತದೆಯೇ ಎಂಬುದು ಮೂರನೆಯದು. ಇಪ್ಪತ್ತಾರು ವರ್ಷ ಅಮೆರಿಕದ ದೊಡ್ಡ ಕಾಂಕ್ರೀಟ್ ಕಟ್ಟಡಗಳ, ಅವುಗಳಲ್ಲೂ ಕ್ರೀಡಾಂಗಣಗಳ, ತಪಾಸಣೆ ಮಾಡಿದ ಸಿವಿಲ್ ಎಂಜಿನಿಯರ್ ಆಗಿ ನಾನು ಮೊದಲನೆಯದನ್ನು ಅಧಿಕಾರದಿಂದ ಹೇಳಬಲ್ಲೆ. ಉಳಿದೆರಡನ್ನು, ಆ ಕೆಲಸದ ಜೊತೆಯಲ್ಲೇ ಓದಬೇಕಾಗಿ ಬಂದ ಲೀಸ್ ಕರಾರುಗಳ ಮತ್ತು ಬಾಂಡ್ (ಸಾರ್ವಜನಿಕ ಸಾಲ) ಪತ್ರಗಳ ಬಲದಿಂದ ಹೇಳುತ್ತೇನೆ.

ಕಾಂಕ್ರೀಟಿನ ಮಾತನ್ನು ಮೊದಲು ಮುಗಿಸೋಣ. ಸರಿಯಾಗಿ ಕಟ್ಟಿ, ಸರಿಯಾಗಿ ನೋಡಿಕೊಂಡ ಕಾಂಕ್ರೀಟ್ ಕ್ರೀಡಾಂಗಣ ಮೂವತ್ತು ವರ್ಷಕ್ಕೆ ಮುದಿಯಾಗುವುದಿಲ್ಲ. ಲಾಸ್ ಏಂಜಲೀಸ್‌ನ ಕೊಲೀಸಿಯಂ 1923ರಲ್ಲಿ ತೆರೆದದ್ದು; 2016ರಿಂದ 2019ರವರೆಗೂ ಅಲ್ಲಿ ಎನ್‌ಎಫ್‌ಎಲ್ ಪಂದ್ಯಗಳು ನಡೆದಿವೆ. ಚಳಿ ಪ್ರದೇಶದಲ್ಲಿ ಕಾಂಕ್ರೀಟಿನ ನಿಜವಾದ ಶತ್ರು ವಯಸ್ಸಲ್ಲ, ನೀರು ಮತ್ತು ಉಪ್ಪು. ಹಿಮ ಕರಗಿಸಲು ಮೆಟ್ಟಿಲು ಮತ್ತು ಓಣಿಗಳ ಮೇಲೆ ಎರಚುವ ಉಪ್ಪು ಕರಗಿದ ನೀರಿನೊಂದಿಗೆ ಸಂದುಗಳಲ್ಲಿ ಇಳಿದು ಒಳಗಿನ ಕಂಬಿಗಳನ್ನು ಮುಟ್ಟುತ್ತದೆ. ಕಂಬಿ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿದ ಕಂಬಿ ತನ್ನ ಮೇಲಿನ ಕಾಂಕ್ರೀಟ್ ಪದರವನ್ನು ಒಳಗಿನಿಂದಲೇ ಸಿಡಿಸುತ್ತದೆ, ಸಿಡಿದ ಜಾಗದಲ್ಲಿ ಇನ್ನಷ್ಟು ನೀರು ಇಳಿಯುತ್ತದೆ, ಇಳಿದ ನೀರು ಹೆಪ್ಪುಗಟ್ಟಿ ಬಿರುಕನ್ನು ಇನ್ನಷ್ಟು ಅಗಲಿಸುತ್ತದೆ. ನಾನು ನೋಡಿದ ಹಾನಿಯಲ್ಲಿ ಬಹುಪಾಲು ಕಾಣಿಸಿಕೊಂಡದ್ದು ಕಟ್ಟಡದ ಭಾಗಗಳ ನಡುವೆ ಹಿಗ್ಗು ಕುಗ್ಗಿಗೆಂದು ಬಿಟ್ಟ ಜಾಯಿಂಟುಗಳ ಕೆಳಗಿನ ತೊಲೆಗಳ ತುದಿಯಲ್ಲಿ. ಆ ಜಾಯಿಂಟುಗಳ ರಬ್ಬರನ್ನೂ ಮೆಟ್ಟಿಲುಗಳ ಮೇಲಿನ ಜಲನಿರೋಧಕ ಲೇಪವನ್ನೂ ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸುತ್ತ ಬಂದರೆ ಕೆಳಗಿನ ತೊಲೆ ಎರಡು ತಲೆಮಾರು ಬಾಳುತ್ತದೆ. ಆ ಖರ್ಚು, ಹೊಸ ಕ್ರೀಡಾಂಗಣದ ವೆಚ್ಚದ ಮುಂದೆ ತೀರ ಸಣ್ಣದು.

ಇಲ್ಲಿ ಒಂದು ಅನುಭವವನ್ನು ಹೇಳಲೇಬೇಕು, ಏಕೆಂದರೆ ಇದು ನಿಮ್ಮ ಊರಿನಲ್ಲೂ ನಡೆದಿರಬಹುದು. ನಾನು ತಪಾಸಣೆ ಮಾಡಿದ ಒಂದು ಕಟ್ಟಡದಲ್ಲಿ ಜಾಯಿಂಟುಗಳನ್ನು ಕೂಡಲೇ ಬದಲಿಸಬೇಕೆಂದು ವರದಿ ಬರೆದೆ. ಬಜೆಟ್ ಇಲ್ಲವೆಂದು ಕೆಲಸವನ್ನು ಒಂದು ವರ್ಷ ಮುಂದೂಡಿದರು, ಮತ್ತೆ ಮುಂದೂಡಿದರು. ಮೂರನೆಯ ವರ್ಷ, ಅದೇ ಜಾಯಿಂಟಿನ ಕೆಳಗೆ ತುಕ್ಕು ಹಿಡಿದ ತೊಲೆಯ ನಾನೇ ತೆಗೆದ ಛಾಯಾಚಿತ್ರವನ್ನು ಸಾರ್ವಜನಿಕ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿ, ಕಟ್ಟಡಕ್ಕೆ ವಯಸ್ಸಾಗಿದೆ ಎಂದರು. ಆ ಚಿತ್ರ ಸುಳ್ಳಾಗಿರಲಿಲ್ಲ. ಅದಕ್ಕೆ ಕೊಟ್ಟ ಅರ್ಥ ಸುಳ್ಳಾಗಿತ್ತು. ಅಂದಿನಿಂದ ನಾನು ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ: ತುಕ್ಕಿನ ಚಿತ್ರ ತೋರಿಸಿದಾಗ, ಕಳೆದ ಹತ್ತು ವರ್ಷದ ದುರಸ್ತಿಯ ಲೆಕ್ಕವನ್ನೂ ತೋರಿಸಿ ಎಂದು ಕೇಳಿ.

ಹಾಗೆಂದು ಹಳೆಯದೆಲ್ಲ ಚೆನ್ನ ಎನ್ನುವವನೂ ನಾನಲ್ಲ. ಇಕ್ಕಟ್ಟಾದ ಓಣಿಗಳು, ಸಾಕಾಗದ ಶೌಚಾಲಯಗಳು, ಗಾಲಿಕುರ್ಚಿಯವರು ಹತ್ತಲಾಗದ ಮಹಡಿಗಳು, ಇಂದಿನ ಹೊರೆ ತಾಳದ ವಿದ್ಯುತ್ ವ್ಯವಸ್ಥೆ ಇವೆಲ್ಲ ನಿಜವಾದ ಕೊರತೆಗಳು. ಆದರೆ ಅವು ಸೌಕರ್ಯದ ಕೊರತೆಗಳು, ಕಟ್ಟಡ ಕುಸಿಯುವ ಭಯವಲ್ಲ. ನವೀಕರಣಕ್ಕೆ ಇಷ್ಟು ಕೋಟಿ ಬೇಕು, ಅದಕ್ಕಿಂತ ಹೊಸದೇ ಮೇಲು ಎಂದು ಒಂದು ಅಂಕಿ ಕೊಟ್ಟಾಗ, ಅದರಲ್ಲಿ ತೊಲೆ ಕಂಬಗಳ ದುರಸ್ತಿಗೆ ಎಷ್ಟು, ಶ್ರೀಮಂತರು ಕೂತು ಆಟ ನೋಡುವ ಖಾಸಗಿ ಕೋಣೆಗಳಾದ ಸೂಟ್‌ಗಳಿಗೂ ದೊಡ್ಡ ವೀಡಿಯೊ ಫಲಕಗಳಿಗೂ ಎಷ್ಟು ಎಂಬುದನ್ನು ಬೇರ್ಪಡಿಸಿ ಕೇಳಬೇಕು. ನಾನು ನೋಡಿದ ಅಂದಾಜುಗಳಲ್ಲಿ ಮೊದಲನೆಯದು ಯಾವಾಗಲೂ ಚಿಕ್ಕ ಪಾಲಾಗಿತ್ತು.

ಹಾಗಾದರೆ ಗಟ್ಟಿಮುಟ್ಟಾದ ಕಟ್ಟಡಗಳನ್ನು ಏಕೆ ಕೆಡವುತ್ತಾರೆ? ಇದಕ್ಕೆ ಉತ್ತರ ಸಿಗಬೇಕಾದರೆ ಈ ಆಟಕ್ಕೆ ಮನೆ ಹೇಗೆ ಸಿಕ್ಕಿತು ಎಂಬಲ್ಲಿಂದ ಹೊರಡಬೇಕು.

1920ರಲ್ಲಿ ಓಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಈ ಲೀಗ್ ಹುಟ್ಟಿದಾಗ ಅದಕ್ಕೆ ಸ್ವಂತ ಮನೆ ಇರಲಿಲ್ಲ. ಬೇಸ್‌ಬಾಲ್ ಅಂದು ಯಜಮಾನ, ಫುಟ್‌ಬಾಲ್ ಬಾಡಿಗೆದಾರ. ಶಿಕಾಗೊ ಬೇರ್ಸ್ ತಂಡ 1921ರಿಂದ 1970ರವರೆಗೆ ರಿಗ್ಲಿ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಆಡಿತು. ಅಲ್ಲಿ ಅಂಕಣ ಎಷ್ಟು ಇಕ್ಕಟ್ಟಾಗಿತ್ತೆಂದರೆ ಒಂದು ತುದಿಯ ಮೂಲೆ ಆಟಗಾರರು ಕೂರುವ ಡಗೌಟ್‌ಗೆ ತಾಗುತ್ತಿತ್ತು. ನ್ಯೂಯಾರ್ಕ್ ಜೈಂಟ್ಸ್ ಮೊದಲು ಪೋಲೊ ಗ್ರೌಂಡ್ಸ್‌ನಲ್ಲಿ, 1956ರಿಂದ ಯಾಂಕಿ ಸ್ಟೇಡಿಯಂನಲ್ಲಿ ಆಡಿದರು, ಅವೂ ಬೇಸ್‌ಬಾಲ್‌ನ ಮನೆಗಳೇ. ಬಾಡಿಗೆದಾರನ ಈ ಸ್ಥಿತಿಯಿಂದ ಹೊರಬಂದ ಮೊದಲ ಕಟ್ಟಡ ಎಂದು ಸಾಮಾನ್ಯವಾಗಿ ಹೆಸರಿಸುವುದು ನಿಮ್ಮ ನೆರೆಯವರು ಹೇಳಿದ ಗ್ರೀನ್ ಬೇ ಕ್ರೀಡಾಂಗಣವನ್ನೇ. 1956ರಲ್ಲಿ ಆ ಸಣ್ಣ ಊರಿನ ಜನ ಮತ ಹಾಕಿ ಬಾಂಡ್‌ಗೆ ಒಪ್ಪಿದರು, 9.6 ಲಕ್ಷ ಡಾಲರ್ ವೆಚ್ಚದಲ್ಲಿ, ಸುಮಾರು 32,000 ಜನ ಕೂರುವ ಕ್ರೀಡಾಂಗಣ ಮುಂದಿನ ವರ್ಷವೇ ತೆರೆಯಿತು. 1965ರಲ್ಲಿ ಅದಕ್ಕೆ ಲ್ಯಾಂಬೊ ಫೀಲ್ಡ್ ಎಂದು ಹೆಸರಾಯಿತು.

ಆಮೇಲೆ ಬಂದದ್ದು ಎರಡೂ ಆಟಕ್ಕೆ ಒಂದೇ ಮನೆ ಎಂಬ ಕಾಲ. 1961ರಲ್ಲಿ ವಾಷಿಂಗ್ಟನ್‌ನಲ್ಲಿ, 1966ರಲ್ಲಿ ಸೇಂಟ್ ಲೂಯಿಸ್‌ನಲ್ಲಿ, 1970ರಲ್ಲಿ ಪಿಟ್ಸ್‌ಬರ್ಗ್ ಮತ್ತು ಸಿನ್ಸಿನಾಟಿಗಳಲ್ಲಿ, 1971ರಲ್ಲಿ ಫಿಲಡೆಲ್ಫಿಯದಲ್ಲಿ ಬಳೆಯಾಕಾರದ ದೊಡ್ಡ ಕಾಂಕ್ರೀಟ್ ಕಟ್ಟಡಗಳು ಎದ್ದವು. ಒಂದೇ ಖರ್ಚಿನಲ್ಲಿ ಎರಡು ಕೆಲಸ ಎಂಬ ಲೆಕ್ಕ ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಬೇಸ್‌ಬಾಲ್ ಅಂಕಣ ಬೀಸಣಿಗೆಯಂತೆ ಒಂದು ಮೂಲೆಯಿಂದ ಅಗಲವಾಗುತ್ತ ಹೋಗುತ್ತದೆ, ಫುಟ್‌ಬಾಲ್ ಅಂಕಣ 120 ಗಜ ಉದ್ದದ ಕಿರಿದಾದ ಆಯತ. ಎರಡನ್ನೂ ಒಳಗೊಳ್ಳುವ ವೃತ್ತವನ್ನು ಎಳೆದರೆ, ಫುಟ್‌ಬಾಲ್ ನೋಡಲು ಅತ್ಯುತ್ತಮವಾದ ನಡುಗೆರೆಯ ಆಸನಗಳೇ ಅಂಕಣದಿಂದ ಅತಿ ದೂರ ಬೀಳುತ್ತವೆ. ಇದು ರೇಖಾಗಣಿತದ ದೋಷ, ಯಾವ ದುರಸ್ತಿಯಿಂದಲೂ ಸರಿಹೋಗುವಂಥದ್ದಲ್ಲ. ಪಿಟ್ಸ್‌ಬರ್ಗ್‌ನದು 2001ರಲ್ಲಿ, ಸಿನ್ಸಿನಾಟಿಯದು 2002ರಲ್ಲಿ, ಫಿಲಡೆಲ್ಫಿಯದ್ದು 2004ರಲ್ಲಿ ನೆಲಸಮವಾದವು. ಆ ಕಟ್ಟಡಗಳನ್ನು ಕೆಡವಿದ್ದಕ್ಕೆ ಒಂದು ಮಟ್ಟಿಗೆ ನಾನು ಒಪ್ಪುತ್ತೇನೆ.

ಚಾವಣಿಯುಳ್ಳ ಕ್ರೀಡಾಂಗಣಗಳ ಕಥೆ ಇದಕ್ಕಿಂತ ವಿಚಿತ್ರ. 1965ರಲ್ಲಿ ಹ್ಯೂಸ್ಟನ್‌ನಲ್ಲಿ ಆಸ್ಟ್ರೊಡೋಮ್ ತೆರೆದಾಗ ಚಾವಣಿಯ ಪಾರದರ್ಶಕ ಹಲಗೆಗಳಿಂದ ಬಂದ ಬಿಸಿಲಿನ ಝಳಕ್ಕೆ ಬೇಸ್‌ಬಾಲ್ ಆಟಗಾರರಿಗೆ ಮೇಲೆ ಹೋದ ಚೆಂಡು ಕಾಣದಾಯಿತು. ಹಲಗೆಗಳಿಗೆ ಬಣ್ಣ ಬಳಿದರು, ಬೆಳಕಿಲ್ಲದೆ ಹುಲ್ಲು ಸತ್ತಿತು, ಮರುವರ್ಷ ಕೃತಕ ಹುಲ್ಲು ಹಾಸಿದರು. ಆಸ್ಟ್ರೊಟರ್ಫ್ ಎಂಬ ಹೆಸರು ಬಂದದ್ದು ಅಲ್ಲಿಂದ. ಡೆಟ್ರಾಯಿಟ್ ಬಳಿಯ ಪಾಂಟಿಯಾಕ್‌ನಲ್ಲಿ 1975ರಲ್ಲಿ, ಮಿನಿಯಾಪೊಲಿಸ್‌ನಲ್ಲಿ 1982ರಲ್ಲಿ ಗಾಳಿಯ ಒತ್ತಡದಿಂದಲೇ ಮೇಲೆ ನಿಲ್ಲುವ ಬಟ್ಟೆಯ ಚಾವಣಿಗಳು ಬಂದವು. ಅಗ್ಗವಾಗಿದ್ದವು, ಆದರೆ ಹಿಮದ ಭಾರವನ್ನು ಬಟ್ಟೆ ಎಷ್ಟು ಸಲ ಹೊರಬಲ್ಲದು? 2010ರ ಡಿಸೆಂಬರ್‌ನಲ್ಲಿ ಮಿನಿಯಾಪೊಲಿಸ್‌ನ ಚಾವಣಿ ಹರಿದು ಹಿಮವೆಲ್ಲ ಅಂಕಣಕ್ಕೆ ಸುರಿದ ದೃಶ್ಯವನ್ನು ನೀವು ಟಿವಿಯಲ್ಲಿ ನೋಡಿರಬಹುದು. ಪಾಂಟಿಯಾಕ್‌ನ ಸಿಲ್ವರ್‌ಡೋಮ್ ಅನ್ನು ಸುಮಾರು 5.5 ಕೋಟಿ ಡಾಲರ್‌ಗೆ ಕಟ್ಟಿದ್ದರು. ತಂಡ ಡೆಟ್ರಾಯಿಟ್ ನಗರಕ್ಕೆ ಮರಳಿದ ಮೇಲೆ, 2009ರ ಹರಾಜಿನಲ್ಲಿ ಅದು ಮಾರಾಟವಾದದ್ದು 5.83 ಲಕ್ಷ ಡಾಲರ್‌ಗೆ. ಬೆಂಗಳೂರಿನಲ್ಲಿ ಒಂದು ಒಳ್ಳೆಯ ಮನೆಯ ಬೆಲೆ ಅದು.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಅಟ್ಲಾಂಟಾದ ಜಾರ್ಜಿಯಾ ಡೋಮ್ 1992ರಲ್ಲಿ ತೆರೆಯಿತು. 2017ರ ನವೆಂಬರ್‌ನಲ್ಲಿ, ಇಪ್ಪತ್ತೈದೇ ವರ್ಷಕ್ಕೆ, ಅದನ್ನು ಸ್ಫೋಟಿಸಿ ಕೆಡವಿದರು. ಮಯಾಮಿಯ ಕ್ರೀಡಾಂಗಣ ಅದಕ್ಕಿಂತ ಐದು ವರ್ಷ ಹಿರಿದು, 1987ರದ್ದು. ಅದು ಇಂದಿಗೂ ನಿಂತಿದೆ, 2020ರಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅಲ್ಲೇ ನಡೆಯಿತು, 2026ರ ವಿಶ್ವಕಪ್ ಫುಟ್‌ಬಾಲ್‌ಗೂ (ಅಲ್ಲಿಯವರು ಸಾಕರ್ ಎನ್ನುವ ಆಟ) ಅದನ್ನು ಆಯ್ದುಕೊಂಡಿದ್ದಾರೆ. ಸಮುದ್ರದ ಉಪ್ಪುಗಾಳಿ ಬೀಸುವ ಮಯಾಮಿಯಲ್ಲಿ ಕಾಂಕ್ರೀಟಿಗೆ ಅಟ್ಲಾಂಟಾಕ್ಕಿಂತ ಹೆಚ್ಚು ಕಷ್ಟವಿರುವಾಗ, ಹಿರಿಯದು ಉಳಿದು ಕಿರಿಯದು ಹೋದದ್ದು ಹೇಗೆ? ಮಯಾಮಿಯದನ್ನು ಅಂದಿನ ಮಾಲೀಕ ಜೋ ರಾಬಿ ಸೂಟ್ ಮತ್ತು ಕ್ಲಬ್ ಆಸನಗಳನ್ನು ಮೊದಲೇ ಬಾಡಿಗೆಗೆ ಕೊಟ್ಟು ಖಾಸಗಿ ಹಣದಲ್ಲಿ ಕಟ್ಟಿದರು. ಈಗಿನ ಮಾಲೀಕ ಸ್ಟೀಫನ್ ರಾಸ್ ತಮ್ಮ ಹಣದಲ್ಲೇ ಅದಕ್ಕೆ ಹೊಸ ನೆರಳು ಚಾವಣಿ ಹೊದಿಸಿ ಒಳಗೆಲ್ಲ ಹೊಸದಾಗಿಸಿದರು. ಸ್ವಂತ ಮನೆ ಸೋರಿದರೆ ಯಾರಾದರೂ ಹೆಂಚು ಬದಲಿಸುತ್ತಾರೆ, ಮನೆ ಕೆಡವುವುದಿಲ್ಲ. ಜಾರ್ಜಿಯಾ ಡೋಮ್ ರಾಜ್ಯ ಸರ್ಕಾರದ ಪ್ರಾಧಿಕಾರದ ಸ್ವತ್ತು, ತಂಡ ಅಲ್ಲಿ ಬಾಡಿಗೆಗಿತ್ತು.

ಇದರ ಹಿಂದೆ ಲೀಗ್‌ನ ಹಣ ಹಂಚಿಕೆಯ ಕ್ರಮವಿದೆ, ಅದನ್ನು ತಿಳಿಯದೆ ಈ ವಿಷಯ ಅರ್ಥವಾಗದು. 1961ರ ಕಾನೂನಿನ ನಂತರ ಟಿವಿ ಹಕ್ಕಿನ ಹಣವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. ಪುಟ್ಟ ಗ್ರೀನ್ ಬೇ ಬದುಕಿ ಉಳಿದದ್ದೇ ಇದರಿಂದ. ಸಾಮಾನ್ಯ ಟಿಕೆಟ್ ಹಣದಲ್ಲೂ ಸುಮಾರು ಮೂರನೇ ಒಂದು ಭಾಗ ಎದುರಾಳಿಗಳ ಪಾಲಿನ ಸಾಮಾನ್ಯ ನಿಧಿಗೆ ಹೋಗುತ್ತದೆ. ಆದರೆ ಐಷಾರಾಮಿ ಸೂಟ್‌ಗಳ ಹೆಚ್ಚುವರಿ ಬಾಡಿಗೆ, ಪಾರ್ಕಿಂಗ್, ತಿಂಡಿ ತೀರ್ಥ, ಕ್ರೀಡಾಂಗಣಕ್ಕೆ ಕಂಪನಿಯ ಹೆಸರಿಡುವ ಹಕ್ಕು, ಇವುಗಳ ಆದಾಯ ಬಹುಮಟ್ಟಿಗೆ ಆತಿಥೇಯ ತಂಡದ್ದೇ. ಹೀಗಿರುವಾಗ ಒಬ್ಬ ಮಾಲೀಕ ಇನ್ನೊಬ್ಬನಿಗಿಂತ ಹೆಚ್ಚು ಗಳಿಸಬೇಕಾದರೆ ಉಳಿದಿರುವ ದಾರಿ ಕ್ರೀಡಾಂಗಣ ಒಂದೇ. ಬಫಲೊ ನಗರದ ಕ್ರೀಡಾಂಗಣಕ್ಕೆ 1973ರಲ್ಲಿ ಒಂದು ಆಹಾರ ಕಂಪನಿ 25 ವರ್ಷಕ್ಕೆ 15 ಲಕ್ಷ ಡಾಲರ್ ಕೊಟ್ಟು ತನ್ನ ಹೆಸರಿಟ್ಟುಕೊಂಡಿತು. ಬೇ ಏರಿಯಾದ ಕನ್ನಡಿಗರು ದಿನವೂ ಹಾದುಹೋಗುವ ಸಾಂತಾ ಕ್ಲಾರಾದ ಲೀವೈಸ್ ಸ್ಟೇಡಿಯಂಗೆ 20 ವರ್ಷದ ಹೆಸರಿನ ಹಕ್ಕು ಮಾರಾಟವಾದದ್ದು 22 ಕೋಟಿ ಡಾಲರ್‌ಗೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಹಳೆಯ ಕಟ್ಟಡಗಳ ಆಯುಷ್ಯ ಕರಗಿಹೋಗಿದೆ. ಮುದಿಯಾಗುವುದು ತೊಲೆಯಲ್ಲ, ಆ ಕಟ್ಟಡದಿಂದ ಆದಾಯ ಹಿಂಡುವ ವ್ಯವಸ್ಥೆ.

ಎರಡನೆಯ ಕಾರಣ ಲೀಸ್ ಕರಾರು. ಸೇಂಟ್ ಲೂಯಿಸ್‌ನ ಕಥೆ ನನಗೆ ಇಂದಿಗೂ ನೋವು ತರುತ್ತದೆ. 1988ರಲ್ಲಿ ತಂಡವನ್ನು ಕಳೆದುಕೊಂಡ ಆ ಊರು, ಇನ್ನೊಂದು ತಂಡವನ್ನು ತರಬೇಕೆಂಬ ಹಂಬಲದಲ್ಲಿ ಸಾರ್ವಜನಿಕ ಹಣದಲ್ಲಿ ಡೋಮ್ ಕಟ್ಟಿತು. 1995ರಲ್ಲಿ ಲಾಸ್ ಏಂಜಲೀಸ್‌ನಿಂದ ರ‍್ಯಾಮ್ಸ್ ತಂಡ ಬಂತು. ಆದರೆ ಕರಾರಿನಲ್ಲಿ ಒಂದು ವಾಕ್ಯವಿತ್ತು: ನಿಗದಿತ ಅವಧಿಗೊಮ್ಮೆ ಅಳೆದು ನೋಡಿದಾಗ ಆ ಕ್ರೀಡಾಂಗಣ ಲೀಗ್‌ನ ಮೇಲಿನ ಕಾಲುಭಾಗದ ಕ್ರೀಡಾಂಗಣಗಳ ಮಟ್ಟದಲ್ಲಿ ಇರಲೇಬೇಕು, ಇಲ್ಲದಿದ್ದರೆ ದೀರ್ಘಾವಧಿಯ ಕಟ್ಟು ತಂಡಕ್ಕೆ ಇಲ್ಲ. ಎಲ್ಲ ಊರುಗಳೂ ಹೊಸದು ಕಟ್ಟುತ್ತಿರುವಾಗ ಮೇಲಿನ ಕಾಲುಭಾಗದಲ್ಲಿ ಉಳಿಯುವುದು ಓಡುವ ಬಂಡಿಯ ಮುಂದೆ ಓಡಿದಂತೆ. ಊರು ಸೋತಿತು, 2016ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಮರಳಿತು, ಖಾಲಿ ಡೋಮ್‌ನ ಸಾಲದ ಕಂತುಗಳನ್ನು ಜನ ಇನ್ನೂ ಕೆಲವು ವರ್ಷ ಕಟ್ಟಿದರು. ಊರು ಹೂಡಿದ ಮೊಕದ್ದಮೆ 2021ರಲ್ಲಿ 79 ಕೋಟಿ ಡಾಲರ್‌ಗೆ ರಾಜಿಯಾಯಿತು ಎಂಬುದು ನಿಜ, ಆದರೆ ಆ ಹಣದಿಂದ ತಂಡ ಮರಳಲಿಲ್ಲ. ಸಿನ್ಸಿನಾಟಿ ಇರುವ ಹ್ಯಾಮಿಲ್ಟನ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) 1996ರಲ್ಲಿ, ನಿಮ್ಮಲ್ಲಿ ಕೇಳುತ್ತಿರುವಂತೆಯೇ, ಅರ್ಧ ಸೆಂಟ್ ಮಾರಾಟ ತೆರಿಗೆಗೆ ಒಪ್ಪಿತು. ಆ ಕರಾರಿನಲ್ಲಿ, ಮುಂದೆ ಹೋಲೊಗ್ರಾಂ ಮೂಲಕ ಆಟವನ್ನು ಮರುತೋರಿಸುವ ಯಂತ್ರ ಬಂದರೆ ಅದನ್ನೂ ಕೌಂಟಿಯೇ ಕೊಡಿಸಬೇಕು ಎಂಬರ್ಥದ ಷರತ್ತಿತ್ತು. ತೆರಿಗೆಯ ಆದಾಯ ನಿರೀಕ್ಷೆಯಷ್ಟು ಬರದೆ, ಕೊನೆಗೆ ಕೌಂಟಿ ತನ್ನ ಸಾರ್ವಜನಿಕ ಆಸ್ಪತ್ರೆಯೊಂದನ್ನು ಮಾರಬೇಕಾಯಿತು.

ಮೂರನೆಯದು ಸ್ವಲ್ಪ ಒಣ ವಿಷಯ, ಆದರೂ ಹೇಳಬೇಕು. ಸರ್ಕಾರಿ ಬಾಂಡ್‌ಗಳ ಬಡ್ಡಿಗೆ ಕೇಂದ್ರ ತೆರಿಗೆಯಿಂದ ವಿನಾಯಿತಿ ಇದೆ. ಖಾಸಗಿ ಕ್ರೀಡಾಂಗಣಗಳು ಇದರ ಲಾಭ ಪಡೆಯದಿರಲಿ ಎಂದು 1986ರ ತೆರಿಗೆ ಸುಧಾರಣೆಯಲ್ಲಿ ಒಂದು ಮಿತಿ ತಂದರು: ಖಾಸಗಿ ಬಳಕೆಯ ಕಟ್ಟಡವಾದರೆ ಸಾಲದ ಕಂತಿನಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಆ ಖಾಸಗಿ ಬಳಕೆಯ ಆದಾಯದಿಂದ ಬರಬಾರದು. ಪರಿಣಾಮ ಉಲ್ಟಾ ಆಯಿತು. ವಿನಾಯಿತಿ ಉಳಿಸಿಕೊಳ್ಳಲು ನಗರಗಳು ತಂಡದಿಂದ ಬಾಡಿಗೆ ಕಡಿಮೆ ಮಾಡಿ, ಕಂತನ್ನು ಮಾರಾಟ ತೆರಿಗೆ, ಹೋಟೆಲ್ ತೆರಿಗೆಗಳಿಗೆ ಹೊರಿಸಿದವು. ನಿಮ್ಮ ಅಂಗಡಿ ಬಿಲ್ಲಿನ ಮೇಲೆ ಕ್ರೀಡಾಂಗಣದ ಸಾಲ ಏಕೆ ಬಂದು ಕೂರುತ್ತದೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ. ಸಾಲವಂತೂ ಕಟ್ಟಡಕ್ಕಿಂತ ದೀರ್ಘಾಯುಷಿ: ಸಿಯಾಟಲ್‌ನ ಕಿಂಗ್‌ಡೋಮ್ ಅನ್ನು 2000ದ ಮಾರ್ಚ್‌ನಲ್ಲಿ ಸ್ಫೋಟಿಸಿದರು, ಅದರ ಸಾಲ ತೀರಿದ್ದು 2015ರಲ್ಲಿ.

ಊರಿಗೆ ಲಾಭವಿದೆಯೇ ಎಂದು ಕೇಳಿದ್ದೀರಿ. ಈ ವಿಷಯವನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯ ಬಹಳ ಕಡಿಮೆ: ಹಾಕಿದ ತೆರಿಗೆ ಹಣ ಉದ್ಯೋಗ ಮತ್ತು ವ್ಯಾಪಾರದ ರೂಪದಲ್ಲಿ ಮರಳುವುದಿಲ್ಲ. ಕಾರಣ ಸರಳವಾಗಿದೆ. ನಿಮ್ಮ ಮನೆಯವರು ಪಂದ್ಯಕ್ಕೆ ಖರ್ಚು ಮಾಡುವ ಹಣ ಆಕಾಶದಿಂದ ಬಂದದ್ದಲ್ಲ. ಪಂದ್ಯ ಇಲ್ಲದಿದ್ದರೆ ಅದೇ ಹಣ ಊರಿನ ಉಪಾಹಾರ ಗೃಹಕ್ಕೋ ಚಿತ್ರಮಂದಿರಕ್ಕೋ ಹೋಗುತ್ತಿತ್ತು. ಬೇಸ್‌ಬಾಲ್ ತಂಡ ತನ್ನೂರಿನಲ್ಲಿ ವರ್ಷಕ್ಕೆ 81 ಪಂದ್ಯ ಆಡುತ್ತದೆ, ಫುಟ್‌ಬಾಲ್ ತಂಡದ ಋತುವಿನಲ್ಲಿ ಊರಿನ ಪಂದ್ಯಗಳು ಎಂಟೋ ಒಂಬತ್ತೋ. ಉಳಿದ ದಿನಗಳಲ್ಲಿ ಅಷ್ಟು ದೊಡ್ಡ ಜಾಗ ಬಹುತೇಕ ಪಾರ್ಕಿಂಗ್ ಬಯಲು. ಸಂಗೀತ ಕಾರ್ಯಕ್ರಮಗಳು ಬರುತ್ತವೆ ಎನ್ನುತ್ತಾರೆ, ಬರುತ್ತವೆ ಕೂಡ, ಆದರೆ ಅವುಗಳ ಆದಾಯ ಯಾರಿಗೆ ಎಂಬುದನ್ನು ಮತ್ತೆ ಕರಾರೇ ಹೇಳುತ್ತದೆ. ಹಾಗಾಗಿ ಲಾಭದ ಲೆಕ್ಕ ಹಾಕಿ ಹೌದು ಎನ್ನಬೇಡಿ. ತಂಡ ಊರಿನ ಹೆಮ್ಮೆ, ಮಕ್ಕಳ ಸಂತೋಷ, ಅದಕ್ಕೆ ಇಷ್ಟು ಬೆಲೆ ಕೊಡಲು ಸಿದ್ಧ ಎಂದು ಪ್ರಾಮಾಣಿಕವಾಗಿ ಅನ್ನಿಸಿದರೆ ಹೌದು ಎನ್ನುವುದರಲ್ಲಿ ತಪ್ಪೇನೂ ಇಲ್ಲ. ಉದ್ಯಾನವನಕ್ಕೂ ನಾವು ಲಾಭ ಕೇಳುವುದಿಲ್ಲ.

ಆದರೆ ಸಾರ್ವಜನಿಕ ಹಣ ಹಾಕಿದವರಿಗೆ ಷರತ್ತು ಹಾಕುವ ಹಕ್ಕೂ ಬರುತ್ತದೆ. ಇತಿಹಾಸದ ಈ ಪುಟವನ್ನು ಯಾರೂ ಇಂಥ ಚರ್ಚೆಯಲ್ಲಿ ನೆನೆಸಿಕೊಳ್ಳುವುದಿಲ್ಲ. 1930ರ ದಶಕದ ನಡುವಿನಿಂದ ಎನ್‌ಎಫ್‌ಎಲ್‌ನಲ್ಲಿ ಕಪ್ಪು ಆಟಗಾರರು ಒಬ್ಬರೂ ಇರಲಿಲ್ಲ. 1946ರಲ್ಲಿ ಕ್ಲೀವ್‌ಲ್ಯಾಂಡ್‌ನ ರ‍್ಯಾಮ್ಸ್ ತಂಡ ಲಾಸ್ ಏಂಜಲೀಸ್‌ಗೆ ಬಂದು ಕೊಲೀಸಿಯಂ ಕೇಳಿದಾಗ, ಇದು ಜನರ ಹಣದ ಕಟ್ಟಡ, ಕಪ್ಪು ಆಟಗಾರರಿಗೆ ಅವಕಾಶ ಕೊಡದ ತಂಡಕ್ಕೆ ಹೇಗೆ ಕೊಡುತ್ತೀರಿ ಎಂದು ಅಲ್ಲಿನ ಕಪ್ಪು ಪತ್ರಕರ್ತರು ಆಡಳಿತ ಮಂಡಳಿಯ ಮುಂದೆ ಪಟ್ಟು ಹಿಡಿದರು. ಹಾಗೆ ಕೆನ್ನಿ ವಾಷಿಂಗ್ಟನ್, ಅವರ ಬೆನ್ನಿಗೇ ವುಡಿ ಸ್ಟ್ರೋಡ್ ತಂಡ ಸೇರಿದರು. ರಾಜಧಾನಿ ವಾಷಿಂಗ್ಟನ್ ನಗರದ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ 1961ರವರೆಗೂ ಜಗ್ಗಲಿಲ್ಲ. ಹೊಸ ಕ್ರೀಡಾಂಗಣ ಇರುವುದು ಕೇಂದ್ರ ಸರ್ಕಾರದ ಜಮೀನಿನಲ್ಲಿ, ತಾರತಮ್ಯ ಮಾಡುವವರಿಗೆ ಅಲ್ಲಿ ಜಾಗವಿಲ್ಲ ಎಂದು ಕೆನಡಿ ಸರ್ಕಾರದ ಸಚಿವ ಸ್ಟೀವರ್ಟ್ ಯೂಡಾಲ್ ಎಚ್ಚರಿಸಿದ ಮೇಲೆ, 1962ರಲ್ಲಿ ಬಾಬಿ ಮಿಚೆಲ್ ಮೊದಲಾದವರು ಆ ತಂಡದಲ್ಲಿ ಆಡಿದರು. ಎರಡೂ ಕಡೆ ಬದಲಾವಣೆ ತಂದದ್ದು ಮಾಲೀಕರ ಮನಃಪರಿವರ್ತನೆಯಲ್ಲ, ಕಟ್ಟಡದ ಒಡೆತನ. ಆಧುನಿಕ ಲೀಸ್ ಕರಾರುಗಳನ್ನು ಓದುವಾಗಲೆಲ್ಲ, ಅಷ್ಟು ದೊಡ್ಡ ಹಕ್ಕನ್ನು ಊರುಗಳು ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತವೆ ಎಂದು ನನಗೆ ಸಂಕಟವಾಗುತ್ತದೆ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ನೋಡೋಣ. ಇರುವುದನ್ನೇ ನವೀಕರಿಸುವುದು ಮೊದಲ ದಾರಿ. ಮಿಸ್ಸೋರಿ ರಾಜ್ಯದ ಕ್ಯಾನ್ಸಸ್ ಸಿಟಿಯ ಆ್ಯರೋಹೆಡ್ 1972ರಲ್ಲೇ ಫುಟ್‌ಬಾಲ್‌ಗೆಂದು ಕಟ್ಟಿದ ಸೊಗಸಾದ ಕ್ರೀಡಾಂಗಣ; 2006ರ ಮತದಾನದ ನಂತರ ತೆರಿಗೆ ಹಣದಲ್ಲಿ ನವೀಕರಣಗೊಂಡು 2010ರಿಂದ ಚೆನ್ನಾಗಿ ನಡೆದಿದೆ. ಲ್ಯಾಂಬೊ ಫೀಲ್ಡ್ ಕೂಡ ಹಾಗೇ: 2000ದಲ್ಲಿ ಬ್ರೌನ್ ಕೌಂಟಿಯ ಜನ ಅರ್ಧ ಸೆಂಟ್ ತೆರಿಗೆಗೆ ಒಪ್ಪಿದರು, 2003ಕ್ಕೆ ದೊಡ್ಡ ನವೀಕರಣ ಮುಗಿಯಿತು, 2015ರಲ್ಲಿ ಆ ತೆರಿಗೆ ನಿಂತುಹೋಯಿತು. ಈಗ ಅಲ್ಲಿ 81,000ಕ್ಕೂ ಹೆಚ್ಚು ಜನ ಕೂರಬಹುದು. ಆದರೆ ನೆರೆಯವರಿಗೆ ಒಂದು ಮಾತು ಸೇರಿಸಿ ಹೇಳಿ: ಗ್ರೀನ್ ಬೇ ತಂಡಕ್ಕೆ ಒಬ್ಬ ಮಾಲೀಕನಿಲ್ಲ, ಲಾಭ ಹಂಚಿಕೊಳ್ಳದ ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ, ಆದ್ದರಿಂದ ಊರು ಬಿಡುವ ಬೆದರಿಕೆ ಹಾಕುವವರೇ ಅಲ್ಲಿಲ್ಲ. ಬೇರೆ ತಂಡಗಳಿಗೆ ಅಂಥ ಒಡೆತನವನ್ನು ಲೀಗ್ ಈಗ ಒಪ್ಪುವುದಿಲ್ಲ. ನವೀಕರಣದ ಅಪಾಯವೆಂದರೆ ಅದು ಕಾಲಾವಕಾಶ ಕೊಡುತ್ತದೆಯೇ ಹೊರತು ಶಾಶ್ವತ ಒಪ್ಪಂದವಾಗುವುದಿಲ್ಲ. ಆ್ಯರೋಹೆಡ್‌ನಲ್ಲೇ 2024ರಲ್ಲಿ ಇನ್ನೊಮ್ಮೆ ತೆರಿಗೆ ಕೇಳಿದಾಗ ಮತದಾರರು ತಿರಸ್ಕರಿಸಿದರು, 2025ರ ಕೊನೆಯಲ್ಲಿ ತಂಡ ಪಕ್ಕದ ಕ್ಯಾನ್ಸಸ್ ರಾಜ್ಯಕ್ಕೆ ಹೋಗುವುದಾಗಿ ಪ್ರಕಟಿಸಿತು.

ಎಲ್ಲವನ್ನೂ ಮಾಲೀಕರೇ ಕಟ್ಟಲಿ ಎಂಬುದು ನ್ಯಾಯವಾದ ಮಾತು, ಅದು ಆಗಿಯೂ ಇದೆ. 2010ರಲ್ಲಿ ತೆರೆದ ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂ ಅನ್ನು ಎರಡು ತಂಡಗಳು ಸೇರಿ ಕಟ್ಟಿದವು. 2020ರಲ್ಲಿ ತೆರೆದ, ವಿಮಾನಗಳ ಹಾದಿಗೆ ಅಡ್ಡಬಾರದೆಂದು ನೆಲದೊಳಗೆ ಸುಮಾರು ನೂರು ಅಡಿ ಇಳಿಸಿ ಕಟ್ಟಿದ ಇಂಗಲ್‌ವುಡ್‌ನ ಸೋಫೈ ಸ್ಟೇಡಿಯಂಗೆ ಸ್ಟ್ಯಾನ್ ಕ್ರೋಂಕಿ ಸುಮಾರು 500 ಕೋಟಿ ಡಾಲರ್ ಖಾಸಗಿ ಹಣ ಹೂಡಿದರು. ಆದರೆ ಇವೆರಡೂ ದೇಶದ ಅತಿದೊಡ್ಡ ಮಾರುಕಟ್ಟೆಗಳು. ನಿಮ್ಮ ಊರಿನ ಗಾತ್ರದಲ್ಲಿ ಪೂರ್ತಿ ಖಾಸಗಿ ಹಣ ಬರುವುದು ಕಷ್ಟ, ಮತ್ತು ಖಾಸಗಿ ಎಂದು ಹೇಳುವಲ್ಲಿಯೂ ರಸ್ತೆ, ಚರಂಡಿ, ಆಸ್ತಿ ತೆರಿಗೆ ವಿನಾಯಿತಿಗಳ ರೂಪದಲ್ಲಿ ಸಾರ್ವಜನಿಕ ಪಾಲು ಅಡಗಿರುತ್ತದೆ.

ಬೇಡ ಎಂದು ಮತ ಹಾಕಿದರೆ? ತಂಡ ಹೋಗುವುದು ಬರೀ ಬೆದರಿಕೆಯಲ್ಲ, ಇದನ್ನು ಮುಚ್ಚಿಡಲಾರೆ. 1984ರ ಮಾರ್ಚ್‌ನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡ ರಾತ್ರೋರಾತ್ರಿ ಸಾಮಾನನ್ನು ಲಾರಿಗಳಿಗೆ ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೋಯಿತು. ಸಾನ್ ಡಿಯಾಗೊ ಜನ 2016ರ ನವೆಂಬರ್‌ನಲ್ಲಿ ಬೇಡ ಎಂದರು, ಎರಡು ತಿಂಗಳಲ್ಲಿ ತಂಡ ಹೊರಟಿತು. ಆದರೆ ಪ್ರತಿ ಬೆದರಿಕೆಯೂ ನಿಜವಾಗುವುದಿಲ್ಲ. 1998ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ಗೆ ಹೋಗುವುದಾಗಿ ಪ್ರಕಟಿಸಿ, ಮರುವರ್ಷ ಹಿಂದೆ ಸರಿದು, ಇದ್ದ ಊರಿನಲ್ಲೇ ಸ್ವಂತ ಹಣದಿಂದ ಕಟ್ಟಿ 2002ರಲ್ಲಿ ತೆರೆಯಿತು. ರಾಜ್ಯ ಕೊಟ್ಟದ್ದು ರಸ್ತೆ ಮುಂತಾದ ಮೂಲ ಸೌಕರ್ಯದ ಹಣ ಮಾತ್ರ. ನಿಮ್ಮಲ್ಲಿ ಯಾವುದು ಆಗಬಹುದೆಂದು ಅಳೆಯಲು ಒಂದೇ ಪ್ರಶ್ನೆ: ತಂಡ ಹೋಗಲು ಸಿದ್ಧವಾಗಿ ನಿಂತ, ಹಣ ಮಂಜೂರಾದ ಇನ್ನೊಂದು ಊರು ನಿಜವಾಗಿ ಇದೆಯೇ? ಹಿಂದೆ ಇಪ್ಪತ್ತು ವರ್ಷ ಲಾಸ್ ಏಂಜಲೀಸ್ ಖಾಲಿ ಇದ್ದದ್ದೇ ಎಲ್ಲ ಮಾಲೀಕರ ದೊಡ್ಡ ಅಸ್ತ್ರವಾಗಿತ್ತು. ಈಗ ಅಲ್ಲಿ ಎರಡು ತಂಡಗಳಿವೆ.

ಇನ್ನುಳಿದದ್ದು, ಹೊಸದಕ್ಕೆ ಒಪ್ಪಿ ಗಟ್ಟಿ ಷರತ್ತು ಹಾಕುವ ದಾರಿ. ಬಫಲೊ ನಗರದ ಹೊಸ ಕ್ರೀಡಾಂಗಣಕ್ಕೆ ರಾಜ್ಯ ಮತ್ತು ಕೌಂಟಿ ಸೇರಿ 85 ಕೋಟಿ ಡಾಲರ್ ಕೊಟ್ಟವು, ಅದು ಸಣ್ಣ ಮೊತ್ತವಲ್ಲ. ಆದರೆ ವೆಚ್ಚ ಹೆಚ್ಚಾದರೆ ಭರಿಸಬೇಕಾದವರು ತಂಡದವರು ಎಂದು ಬರೆಸಿಕೊಂಡಿದ್ದರು. 140 ಕೋಟಿಯ ಅಂದಾಜು 200 ಕೋಟಿ ಮೀರಿದಾಗ ಆ ಒಂದು ವಾಕ್ಯ ತೆರಿಗೆದಾರರನ್ನು ಕಾಯಿತು.

ಆದ್ದರಿಂದ ಮತದ ಮೊದಲು ನಿಮ್ಮ ಕೌಂಟಿಯಿಂದ ಲೀಸ್ ಕರಾರಿನ ಕರಡನ್ನು ಕೇಳಿ ಪಡೆಯಿರಿ. ಬಣ್ಣದ ಚಿತ್ರಗಳ ಪುಸ್ತಿಕೆ ಕೊಟ್ಟು ಕಳುಹಿಸಿದರೆ ಸಾಲದು. ಹೆಚ್ಚುವರಿ ವೆಚ್ಚ ಯಾರದು, ವರ್ಷ ವರ್ಷದ ದುರಸ್ತಿಗೆ ಮೀಸಲು ನಿಧಿ ಇದೆಯೇ, ಸಾಲ ತೀರುವ ಮೊದಲೇ ಲೀಸ್ ಮುಗಿಯುತ್ತದೆಯೇ, ಬೇರೆ ಕ್ರೀಡಾಂಗಣಗಳ ಮಟ್ಟಕ್ಕೆ ಸದಾ ಸಮನಾಗಿರಬೇಕು ಎಂಬ ಸೇಂಟ್ ಲೂಯಿಸ್ ಮಾದರಿಯ ವಾಕ್ಯ ಎಲ್ಲಾದರೂ ಇದೆಯೇ, ತಂಡ ಹೋದರೆ ಅದರ ಹೆಸರು ಮತ್ತು ಬಣ್ಣ ಯಾರ ಬಳಿ ಉಳಿಯುತ್ತವೆ ಎಂಬುದನ್ನು ನೋಡಿ. ಕೊನೆಯದನ್ನು ನಿಮ್ಮ ಮಗನಿಗಾಗಿ ಹೇಳುತ್ತಿದ್ದೇನೆ. ಕ್ಲೀವ್‌ಲ್ಯಾಂಡ್ ತಂಡ 1996ರಲ್ಲಿ ಬಾಲ್ಟಿಮೋರ್‌ಗೆ ಹೋದಾಗ ಆ ಊರಿನವರು ಹೋರಾಡಿ ಬ್ರೌನ್ಸ್ ಎಂಬ ಹೆಸರು, ಬಣ್ಣ, ದಾಖಲೆಗಳನ್ನು ತಮ್ಮಲ್ಲೇ ಉಳಿಸಿಕೊಂಡರು, 1999ರಲ್ಲಿ ಅದೇ ಹೆಸರಿನ ತಂಡ ಮತ್ತೆ ಅಲ್ಲಿ ಕಣಕ್ಕಿಳಿಯಿತು.

ಈಗಿನ ಕಟ್ಟಡದ ತಪಾಸಣಾ ವರದಿಯನ್ನೂ ಕೇಳಿ. ಕಾಂಕ್ರೀಟನ್ನು ಕೊರೆದು ತೆಗೆದ ಮಾದರಿಗಳಲ್ಲಿ ಉಪ್ಪಿನ ಅಂಶ ಎಷ್ಟು ಆಳಕ್ಕೆ ಇಳಿದಿದೆ ಎಂಬ ಪರೀಕ್ಷೆ ಅದರಲ್ಲಿ ಇಲ್ಲದಿದ್ದರೆ, ಆಯುಷ್ಯ ಮುಗಿಯಿತು ಎಂಬ ಮಾತಿಗೆ ಆಧಾರವಿಲ್ಲ ಎಂದೇ ತಿಳಿಯಿರಿ. ಮುಂದಿನ ಪಂದ್ಯಕ್ಕೆ ಮಗನೊಂದಿಗೆ ಹೋದಾಗ ಮೇಲಿನ ಮಹಡಿಯ ಕೆಳಗಿನ ಓಣಿಯಲ್ಲಿ ನಿಂತು ತಲೆಯೆತ್ತಿ ಜಾಯಿಂಟುಗಳನ್ನು ನೋಡಿ: ಮಳೆಯಿಲ್ಲದ ದಿನವೂ ಅಲ್ಲಿ ಕಂದು ಬಣ್ಣದ ಕಲೆ, ಬಿಳಿ ಸುಣ್ಣದ ಗೆರೆ ಕಂಡರೆ ದುರಸ್ತಿ ನಿಂತು ಎಷ್ಟೋ ವರ್ಷವಾಗಿದೆ ಎಂದರ್ಥ. ಚಿತ್ರ ತೆಗೆದು, ಕರಡಿನ ಜೊತೆ ನನಗೆ ಕಳುಹಿಸಿ. ಎರಡನ್ನೂ ಒಟ್ಟಿಗೆ ಓದಿ ಇನ್ನೊಮ್ಮೆ ಬರೆಯುತ್ತೇನೆ.